ಜರ್ಮನಿಯಲ್ಲಿ ಡಿಮ್ಯಾಂಡ್ ಪ್ಲಾನರ್ ಕೆಲಸ: ಬೆಂಗಳೂರಿನಿಂದ ಹೋದವರಿಗೆ, ಹೋಗುವವರಿಗೆ

ಮಾನ್ಯತಾ ಟೆಕ್ ಪಾರ್ಕಿನಲ್ಲೋ ವೈಟ್‌ಫೀಲ್ಡಿನಲ್ಲೋ ಕೂತು ಯುರೋಪಿನ ಕಂಪನಿಗಳಿಗೆ ಫೋರ್‌ಕಾಸ್ಟ್, ಅಂದರೆ ಯಾವ ಸರಕು ಮುಂದೆ ಎಷ್ಟು ಮಾರಾಟವಾಗಬಹುದು ಎಂಬ ಅಂದಾಜು, ಹಾಕಿಕೊಡುವ ಡಿಮ್ಯಾಂಡ್ ಪ್ಲಾನರ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದೇ ಕೆಲಸವನ್ನು ಜರ್ಮನಿಗೇ ಹೋಗಿ ಮಾಡಬಹುದಲ್ಲ ಎಂದು ಅವರಿಗೆ ಅನ್ನಿಸುವುದು ಸಹಜ. ಗಂಡನ ಅಥವಾ ಹೆಂಡತಿಯ ಜೊತೆ ಈಗಾಗಲೇ ಅಲ್ಲಿಗೆ ಹೋಗಿ ನೆಲೆಸಿರುವವರು, ಅಲ್ಲೇ ಮಾಸ್ಟರ್ಸ್ ಮುಗಿಸಿದವರು ಕೂಡ ಇದನ್ನೇ ಕೇಳುತ್ತಾರೆ. ಖಂಡಿತ ಮಾಡಬಹುದು. ಆದರೆ ಹೆಸರು ಒಂದೇ ಆದರೂ ಅಲ್ಲಿ ಸಿಗುವ ಕೆಲಸವೇ ಬೇರೆ. ಇದು ತಿಳಿಯದೆ ಬುದ್ಧಿವಂತರೂ ತಿಂಗಳುಗಟ್ಟಲೆ ಅರ್ಜಿ ಹಾಕಿ ಹಾಕಿ ಬೇಸತ್ತಿದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಿಮ್ಯಾಂಡ್ ಪ್ಲಾನಿಂಗಿನಲ್ಲಿ ಎರಡು ಪಾಲಿದೆ. ಹಳೆಯ ಮಾರಾಟದ ಅಂಕಿಗಳನ್ನು ಶುಚಿ ಮಾಡುವುದು, ಬೇಸ್‌ಲೈನ್ (ಆಫರ್ ಏನೂ ಇಲ್ಲದಾಗಿನ ಮಾಮೂಲಿ ಮಾರಾಟ) ತೆಗೆಯುವುದು, ಮಾಡೆಲ್ ಓಡಿಸುವುದು, ತಿಂಗಳ ಕೊನೆಗೆ ರಿಪೋರ್ಟ್ ಕಳಿಸುವುದು ಒಂದು ಪಾಲು. ಸೇಲ್ಸ್, ಮಾರ್ಕೆಟಿಂಗ್, ಫೈನಾನ್ಸ್, ಫ್ಯಾಕ್ಟರಿ ಎಲ್ಲರನ್ನೂ ಒಂದು ಕಡೆ ಕೂರಿಸಿ ಒಂದೇ ಸಂಖ್ಯೆಗೆ ಒಪ್ಪಿಸುವುದು ಇನ್ನೊಂದು ಪಾಲು. ದೊಡ್ಡ ಕಂಪನಿಗಳು ಮೊದಲನೆಯ ಪಾಲನ್ನು ಎಷ್ಟೋ ಮಟ್ಟಿಗೆ ಬೆಂಗಳೂರಿನಂಥ ಊರುಗಳಿಗೆ ಕಳಿಸಿಬಿಟ್ಟಿವೆ. ಜರ್ಮನಿಯಲ್ಲಿ ಉಳಿದಿರುವುದು ಹೆಚ್ಚಾಗಿ ಎರಡನೆಯದು, ಅಂದರೆ ಮಾತಿನ ಕೆಲಸ. ತನ್ನ ಟಾರ್ಗೆಟ್ಟನ್ನೇ ಫೋರ್‌ಕಾಸ್ಟ್ ಎಂದು ತಂದಿಡುವ ಸೇಲ್ಸ್ ಮುಖ್ಯಸ್ಥನಿಗೆ ಮುಖ ನೋಡಿಕೊಂಡೇ ‘ಇಷ್ಟು ಮಾರಾಟ ಆಗುವುದಿಲ್ಲ’ ಎಂದು ಹೇಳಿ ಒಪ್ಪಿಸಬಲ್ಲವರು ಅವರಿಗೆ ಬೇಕು.

ಹಾಗಾಗಿಯೇ ಜರ್ಮನ್ ಭಾಷೆಗೆ ಇಷ್ಟು ತೂಕ. ಬರ್ಲಿನ್ನಿನ ಇ-ಕಾಮರ್ಸ್ ಕಂಪನಿಗಳಲ್ಲಿ, ಹರ್ಟ್ಸೊಗೆನ್‌ಆವ್ರಾಕ್‌ನಲ್ಲಿರುವ ಅಡಿಡಾಸ್, ಪೂಮಾದಂಥ ಕಡೆ ಇಂಗ್ಲಿಷಿನಲ್ಲೇ ಕೆಲಸ ನಡೆಯುವ ಹುದ್ದೆಗಳಿವೆ. ಆದರೆ ಆ ಹುದ್ದೆಗಳಿಗೆ ಇಡೀ ಜಗತ್ತೇ ಅರ್ಜಿ ಹಾಕುತ್ತದೆ. ಸಣ್ಣ ಊರುಗಳಲ್ಲಿ ಪಂಪು, ಕವಾಟ, ವೈದ್ಯಕೀಯ ಉಪಕರಣ ಮಾಡುವ ಮಧ್ಯಮ ಗಾತ್ರದ ಕುಟುಂಬ ಕಂಪನಿಗಳಲ್ಲಿ ಸ್ಪರ್ಧೆ ಕಡಿಮೆ, ಕೆಲಸ ಗಟ್ಟಿ, ಮೀಟಿಂಗ್ ಮಾತ್ರ ಜರ್ಮನ್ನಿನಲ್ಲಿ. ಭಾಷಾ ಪರೀಕ್ಷೆಗಳು ಎ1ರಿಂದ ಸಿ2ರವರೆಗೆ ಆರು ಮಟ್ಟದಲ್ಲಿವೆ; ಮೂರನೆಯದಾದ ಬಿ1 ಮುಟ್ಟಿದರೆ ಬಾಗಿಲು ತೆರೆಯುತ್ತದೆ, ಬಿ2 ಇದ್ದರೆ ಒಳಗೆ ಕರೆದು ಕೂರಿಸುತ್ತಾರೆ. ಇಂದಿರಾನಗರದ ಸಿಎಂಎಚ್ ರಸ್ತೆಯ ಗೋಯ್ಥೆ ಇನ್‌ಸ್ಟಿಟ್ಯೂಟಿನಲ್ಲಿ ಕಲಿಯಿರಿ, ಇಲ್ಲವೇ ಆನ್‌ಲೈನಿನಲ್ಲಿ ಕಲಿಯಿರಿ, ನಿಮ್ಮ ಇಷ್ಟ. ಹೋದಮೇಲೆ ಕಲಿತರಾಯಿತು ಎಂದು ಮುಂದಕ್ಕೆ ಹಾಕಬೇಡಿ. ಹೊಸ ಊರು, ಹೊಸ ಕೆಲಸ, ಮನೆ ಹುಡುಕಾಟದ ನಡುವೆ ಆಗ ಪುರುಸೊತ್ತೇ ಸಿಗುವುದಿಲ್ಲ.

ಹುಡುಕುವಾಗ ಹುದ್ದೆಯ ಹೆಸರು ನೋಡಿಕೊಳ್ಳಿ. ಸ್ಟೆಪ್‌ಸ್ಟೋನ್, ಲಿಂಕ್ಡ್‌ಇನ್, ಜರ್ಮನ್ ಸರ್ಕಾರಿ ಉದ್ಯೋಗ ಸಂಸ್ಥೆಯ ಪೋರ್ಟಲ್ ಮೂರರಲ್ಲೂ ‘ಡಿಮ್ಯಾಂಡ್ ಪ್ಲಾನರ್’ ಎಂದೇ ಹುಡುಕಿದರೆ ಅರ್ಧ ಹುದ್ದೆಗಳು ಕಣ್ತಪ್ಪುತ್ತವೆ. ಜರ್ಮನ್ ಹೆಸರುಗಳಾದ ‘ಆಬ್‌ಜಾಟ್ಸ್‌ಪ್ಲಾನರ್’ (Absatzplaner), ‘ಬೆಡಾರ್ಫ್ಸ್‌ಪ್ಲಾನರ್’ (Bedarfsplaner) ಎಂದೂ ಹಾಕಿ ನೋಡಿ. ‘ಡಿಸ್ಪೊನೆಂಟ್’ (Disponent) ಎಂದು ಕಂಡರೆ ವಿವರ ಪೂರ್ತಿ ಓದಿ. ಅದು ಸಾಮಾನ್ಯವಾಗಿ ಸಾಮಗ್ರಿ ತರಿಸುವ ಅಥವಾ ಲಾರಿ ಹೊಂದಿಸುವ ಕೆಲಸ, ನಿಮ್ಮದಲ್ಲ.

ರೆಸ್ಯೂಮೆ ಎರಡು ಪುಟ ಸಾಕು. ‘400 ಎಸ್‌ಕೆಯುಗಳ (ಬಗೆಬಗೆಯ ಸರಕುಗಳ) ಫೋರ್‌ಕಾಸ್ಟಿಂಗ್ ಜವಾಬ್ದಾರಿ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಉದಾಹರಣೆಗೆ ಹೀಗೆ ಬರೆಯಿರಿ: ‘ಪ್ರತಿ ತಿಂಗಳೂ ಫೋರ್‌ಕಾಸ್ಟ್ ಶೇ 18ರಷ್ಟು ಹೆಚ್ಚಿಗೆ ಬರುತ್ತಿತ್ತು, ಪ್ರಮೋಷನ್ ಮಾರಾಟವನ್ನು ಬೇಸ್‌ಲೈನಿನಿಂದ ಬೇರೆ ಮಾಡಿದ ಮೇಲೆ ಅದು ಶೇ 5ಕ್ಕೆ ಇಳಿಯಿತು, ಗೋದಾಮಿನಲ್ಲಿ ಮೂರು ವಾರದ ಸ್ಟಾಕ್ ಕಡಿಮೆಯಾಯಿತು.’ ತೊಂದರೆ ಏನಿತ್ತು, ನೀವು ಏನು ಮಾಡಿದಿರಿ, ಅದರಿಂದ ಕಂಪನಿಗೆ ಏನು ಉಳಿಯಿತು, ಈ ಮೂರೂ ಒಂದೇ ಸಾಲಿನಲ್ಲಿ ಬರಬೇಕು. ಅಕ್ಯುರೆಸಿ ಬರೆಯುವುದಾದರೆ ಎಷ್ಟು ತಿಂಗಳ ಮುಂಚಿನ ಫೋರ್‌ಕಾಸ್ಟಿನದು ಎಂಬುದನ್ನೂ ಬರೆಯಿರಿ. ಏಷ್ಯಾದಿಂದ ಹಡಗಿನಲ್ಲಿ ಸರಕು ತರಿಸುವ ಕಂಪನಿಗೆ ಒಂದು ತಿಂಗಳ ಹಿಂದಿನ ಫೋರ್‌ಕಾಸ್ಟ್ ಎಷ್ಟು ಸರಿಯಿದ್ದರೂ ಉಪಯೋಗವಿಲ್ಲ, ಆರ್ಡರ್ ಅದಕ್ಕೂ ಮೊದಲೇ ಹೋಗಿರುತ್ತದೆ. ಸಾಫ್ಟ್‌ವೇರಿನಲ್ಲಿ ಸ್ಯಾಪ್ ಬಲ್ಲವರಿಗೆ ಅನುಕೂಲ. ಸ್ಯಾಪ್‌ನ ಹಳೆಯ ಪ್ಲಾನಿಂಗ್ ಸಾಫ್ಟ್‌ವೇರ್ ಎಪಿಒಗೆ ಕಂಪನಿಯ ಸಾಮಾನ್ಯ ಬೆಂಬಲ 2027ಕ್ಕೆ ಮುಗಿಯುವುದರಿಂದ ಅನೇಕ ಕಂಪನಿಗಳು ಅದರ ಹೊಸ ಸಾಫ್ಟ್‌ವೇರ್ ಐಬಿಪಿಗೆ ಬದಲಾಗುತ್ತಿವೆ. ಅಂಥ ಬದಲಾವಣೆಯಲ್ಲಿ ನೀವು ಕೈಜೋಡಿಸಿದ್ದರೆ ಅದನ್ನು ಮೇಲೇ ಹಾಕಿ.

ಇನ್ನೊಂದು ಕಾಗದದ ಬಗ್ಗೆ ಈಗಲೇ ಯೋಚಿಸಿ. ಕೆಲಸ ಬಿಡುವಾಗ ಕಂಪನಿ ನಿಮ್ಮ ಕೆಲಸದ ಗುಣವನ್ನು ವಿವರವಾಗಿ ಬರೆದುಕೊಡುವ ಪತ್ರ ಜರ್ಮನಿಯಲ್ಲಿ ನೌಕರನ ಹಕ್ಕು, ಅರ್ಜಿಯ ಜೊತೆ ಅದನ್ನು ನಿರೀಕ್ಷಿಸುತ್ತಾರೆ. ನಮ್ಮ ರಿಲೀವಿಂಗ್ ಲೆಟರಿನಲ್ಲಿ ತಾರೀಕು ಬಿಟ್ಟರೆ ಏನೂ ಇರುವುದಿಲ್ಲ. ಮ್ಯಾನೇಜರ್ ಜೊತೆ ಸಂಬಂಧ ಚೆನ್ನಾಗಿರುವಾಗಲೇ ಲೆಟರ್‌ಹೆಡ್ಡಿನಲ್ಲಿ ಕೆಲಸದ ವಿವರ ಬರೆಸಿ ಇಟ್ಟುಕೊಳ್ಳಿ.

ಇಂಟರ್‌ವ್ಯೂನಲ್ಲಿ ಎಕ್ಸೆಲ್ ಹಾಳೆ ಕೊಡುವುದುಂಟು. ಒಂದು ಪದಾರ್ಥದ ಮೂರು ವರ್ಷದ ಮಾರಾಟ, ನಡುವೆ ಒಂದು ತಿಂಗಳು ಮಾತ್ರ ಎರಡರಷ್ಟು. ಮುಂದಿನ ವರ್ಷ ಅದೇ ತಿಂಗಳಿಗೆ ಎಷ್ಟು ಹಾಕುತ್ತೀರಿ ಎಂದು ಪ್ರಶ್ನೆ. ನಮ್ಮವರು ತಟ್ಟನೆ ಮಾಡೆಲ್ಲಿನ ಹೆಸರು ಹೇಳಲು ಶುರುಮಾಡುತ್ತಾರೆ. ಎದುರಿಗಿರುವವರು ಕಾಯುತ್ತಿರುವುದು ನಿಮ್ಮ ಪ್ರಶ್ನೆಗೆ: ಆ ತಿಂಗಳು ಆಫರ್ ಇತ್ತೇ? ಬೆಲೆ ಏರುವ ಮುಂಚೆ ಅಂಗಡಿಯವರು ತುಂಬಿಸಿಕೊಂಡರೇ? ಹಾಗಿದ್ದರೆ ಮರುತಿಂಗಳು ಇಳಿದಿರಬೇಕಲ್ಲ, ಇಳಿದಿದೆಯೇ? ಪ್ರತಿಸ್ಪರ್ಧಿಯ ಸರಕು ಸಿಗದೆ ಗಿರಾಕಿಗಳು ಇತ್ತ ಬಂದರೇ? ಈ ಪ್ರಶ್ನೆ ಕೇಳಿದವರು ಅರ್ಧ ಗೆದ್ದಂತೆಯೇ.

ಇಲ್ಲಿ ನಮಗೊಂದು ಬಲವಿದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ದೀಪಾವಳಿ 2023ರಲ್ಲಿ ನವೆಂಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 20ಕ್ಕೆ. ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಈಸ್ಟರಿಗೂ ಇದೇ ಗುಣ: 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ಮಾರಾಟ ಒಂದು ಕ್ವಾರ್ಟರಿನಿಂದ ಇನ್ನೊಂದಕ್ಕೇ ಜಾರಿಬಿಡುತ್ತದೆ. ಅದರ ಮೇಲೆ ಶಾಲಾ ರಜೆ ರಾಜ್ಯ ರಾಜ್ಯಕ್ಕೂ ಬೇರೆ. ‘ಪಂಚಾಂಗ ನೋಡಿಕೊಂಡು ಪ್ಲಾನ್ ಮಾಡಿದ ಅನುಭವ ನನಗಿದೆ, ನಿಮ್ಮ ಈಸ್ಟರಿಗೆ ಹೀಗೆ ಮಾಡುತ್ತೇನೆ’ ಎಂದು ವಿವರಿಸಿ ನೋಡಿ, ಭಾರತದ ಅನುಭವ ಜರ್ಮನಿಗೆ ಹೊಂದುವುದಿಲ್ಲ ಎನ್ನುವವರು ಸುಮ್ಮನಾಗುತ್ತಾರೆ.

ಇಂಟರ್‌ವ್ಯೂ ಚೆನ್ನಾಗಿ ಆಗಿ ವಾರಗಟ್ಟಲೆ ಸುದ್ದಿ ಇಲ್ಲದಿದ್ದರೆ ಎದೆಗುಂದಬೇಡಿ. ನೌಕರರ ಮಂಡಳಿ ಇರುವ ಕಂಪನಿಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಮಂಡಳಿಯ ಒಪ್ಪಿಗೆ ಕೇಳಬೇಕು, ಅದಕ್ಕೂ ಸಮಯ ಹಿಡಿಯುತ್ತದೆ.

ಈಗ ವೀಸಾ. ಗಂಡ ಅಥವಾ ಹೆಂಡತಿಯ ಮೂಲಕ ಪರ್ಮಿಟ್ ಪಡೆದು ಅಲ್ಲಿರುವವರಿಗೆ ಸಾಮಾನ್ಯವಾಗಿ ಯಾವ ಕೆಲಸ ಮಾಡಲೂ ಅನುಮತಿ ಇರುತ್ತದೆ. ರೆಸ್ಯೂಮೆಯ ಮೊದಲ ಪುಟದಲ್ಲೇ ‘ಕೆಲಸದ ಪರವಾನಗಿ ಇದೆ, ಕಂಪನಿ ವೀಸಾ ಮಾಡಿಸಬೇಕಿಲ್ಲ’ ಎಂದು ಬರೆಯಿರಿ. ಅಲ್ಲೇ ಓದಿದವರಿಗೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಬೆಂಗಳೂರಿನಿಂದ ಹೋಗುವವರಿಗೆ ಮುಖ್ಯ ದಾರಿ ಬ್ಲೂ ಕಾರ್ಡ್, ಅಂದರೆ ಪದವೀಧರರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ. ಪದವಿ ಇರಬೇಕು, ಸಂಬಳ ನಿಗದಿತ ಮಟ್ಟ ಮುಟ್ಟಬೇಕು. 2025ರಲ್ಲಿ ಆ ಮಟ್ಟ ವರ್ಷಕ್ಕೆ 48,300 ಯೂರೊ ಇತ್ತು, ಜನರ ಕೊರತೆ ಇರುವ ವೃತ್ತಿಗಳಿಗೆ ಅದಕ್ಕಿಂತ ಕಡಿಮೆ. ಪ್ರತಿ ಜನವರಿಯಲ್ಲೂ ಬದಲಾಗುವುದರಿಂದ ಹೊಸ ಅಂಕಿ ನೋಡಿಕೊಳ್ಳಿ. ಈ ಸಂಬಳ ತೆರಿಗೆ, ವಿಮೆ, ಪಿಂಚಣಿ ಕಡಿತಕ್ಕೆ ಮುಂಚಿನದು. ಒಂಟಿಯಾಗಿರುವವರ ಕೈಗೆ ಬರುವುದು ಸರಿಸುಮಾರು ಮೂರರಲ್ಲಿ ಎರಡು ಪಾಲು.

ಪದವಿಗೆ ಮಾನ್ಯತೆ ಇದೆಯೇ ಎಂದು ‘ಅನಾಬಿನ್’ (anabin) ಎಂಬ ಜರ್ಮನ್ ಡೇಟಾಬೇಸಿನಲ್ಲಿ ನೋಡಿ. ಅಲ್ಲಿ ಕಾಲೇಜಿನ ಹೆಸರನ್ನಲ್ಲ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಹುಡುಕಬೇಕು. ವಿಟಿಯು ಅಡಿಯ ಕಾಲೇಜಿನಲ್ಲಿ ಓದಿದವರು ಕಾಲೇಜಿನ ಹೆಸರು ಸಿಗಲಿಲ್ಲವೆಂದು ಸುಮ್ಮನೆ ಗಾಬರಿಯಾಗುತ್ತಾರೆ. ಪದವಿ ಪಟ್ಟಿಯಲ್ಲಿ ಇಲ್ಲದಿದ್ದರೆ ವಿದೇಶಿ ಪದವಿಗಳನ್ನು ಪರಿಶೀಲಿಸುವ ಜರ್ಮನ್ ಕಚೇರಿ ಜ್ಯಾಬ್‌ನಿಂದ (ZAB) ನಿಮ್ಮ ಪದವಿ ಅಲ್ಲಿನ ಯಾವ ಪದವಿಗೆ ಸಮ ಎಂದು ಹೇಳುವ ಪತ್ರ ಪಡೆಯಬಹುದು. ಬ್ಲೂ ಕಾರ್ಡಿನಲ್ಲಿ ಎ1 ಭಾಷೆ ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು.

ಕೈಯಲ್ಲಿ ಆಫರ್ ಇಲ್ಲದವರಿಗೆ 2024ರ ಜೂನ್‌ನಿಂದ ಆಪರ್ಚುನಿಟಿ ಕಾರ್ಡ್ ಬಂದಿದೆ. ಅಲ್ಲೇ ಇದ್ದು ಕೆಲಸ ಹುಡುಕಲು ಒಂದು ವರ್ಷದ ಅವಕಾಶ, ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಖರ್ಚಿಗೆ ಹಣ ಮೊದಲೇ ತೋರಿಸಬೇಕು. ಜರ್ಮನ್ ಬಾರದೆ ಇದನ್ನು ಹಿಡಿದು ಹೋಗುವುದು ನನಗೆ ಸರಿಕಾಣುವುದಿಲ್ಲ. ಇಲ್ಲಿನ ಸಂಬಳ ಬಿಟ್ಟು, ಉಳಿತಾಯ ಕರಗಿಸಿಕೊಂಡು ಹುಡುಕುವ ಒತ್ತಡ ದೊಡ್ಡದು.

ನಿಮ್ಮದೇ ಕಂಪನಿಯ ಜರ್ಮನ್ ಆಫೀಸಿಗೆ ಕಳಿಸುತ್ತೇವೆ ಎಂದರೆ ಯಾವ ಕಾರ್ಡ್ ಎಂದು ಮೊದಲು ಕೇಳಿ. ಗುಂಪಿನೊಳಗಿನ ವರ್ಗಾವಣೆಯ ಐಸಿಟಿ ಕಾರ್ಡ್ ಹೆಚ್ಚೆಂದರೆ ಮೂರು ವರ್ಷ, ಆ ಕಾರ್ಡಿನಲ್ಲಿ ಬೇರೆ ಕಂಪನಿಗೆ ಹೋಗುವಂತಿಲ್ಲ, ನಿಮ್ಮ ಕಾಂಟ್ರಾಕ್ಟ್ ಬೆಂಗಳೂರಿನ ಆಫೀಸಿನ ಜೊತೆಯೇ ಉಳಿಯುತ್ತದೆ. ಅಲ್ಲಿನ ಕಂಪನಿಯೇ ನೇರ ಕಾಂಟ್ರಾಕ್ಟ್ ಕೊಟ್ಟು ಬ್ಲೂ ಕಾರ್ಡ್ ಮಾಡಿಸುವುದಾದರೆ ಒಳ್ಳೆಯದು, ಅದನ್ನೇ ಗಟ್ಟಿಯಾಗಿ ಕೇಳಿ.

ಆಫರ್ ಬಂತೆಂದು ಅದೇ ದಿನ ಇಲ್ಲಿ ರಾಜೀನಾಮೆ ಕೊಡಬೇಡಿ. ಅಲ್ಲಿಯವರಿಗೂ ಮೂರು ತಿಂಗಳ ನೋಟಿಸ್ ಹೊಸದೇನಲ್ಲ, ಕಾಯುತ್ತಾರೆ. ಕೆಲಸಕ್ಕೆ ಸೇರುವ ತಾರೀಕನ್ನು ವೀಸಾ ಸಿಕ್ಕಮೇಲೆ ಗೊತ್ತುಮಾಡೋಣ ಎಂದು ಕಾಂಟ್ರಾಕ್ಟಿನಲ್ಲೇ ಬರೆಸಿಕೊಳ್ಳಿ, ಪಾಸ್‌ಪೋರ್ಟಿಗೆ ವೀಸಾ ಅಂಟಿದ ಮೇಲೆಯೇ ಎಚ್ಆರ್‌ಗೆ ಮೇಲ್ ಕಳಿಸಿ.