ಕಳಚಿಟ್ಟ ಡಿಸ್ಕ್

ಪಣಂಬೂರು ಬಂದರಿನ ಹತ್ತಿರ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಸರ್ವರ್, ಹದಿನಾಲ್ಕು ಕಂಪ್ಯೂಟರ್. ಗೋಡಂಬಿ, ಕಾಫಿ ಕಂಟೈನರ್‌ಗಳ ಕಾಗದಪತ್ರವೆಲ್ಲ ಅದರಲ್ಲೇ ಇದೆ. ದೇಶ ದೇಶಗಳ ಸೈಬರ್ ಯುದ್ಧ ನಮ್ಮಂಥ ಸಣ್ಣ ಆಫೀಸಿಗೆ ತಟ್ಟುತ್ತದೆ ಎಂದು ನಾನು ಯೋಚಿಸಿರಲಿಲ್ಲ.

2017ರ ಜೂನ್ 27ರಂದು ಆ ಯೋಚನೆ ಬದಲಾಯಿತು. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರಿನ ಅಪ್‌ಡೇಟ್‌ನಲ್ಲಿ ಸೇರಿಕೊಂಡು, ಕಂಪ್ಯೂಟರಿನ ಫೈಲ್‌ಗಳನ್ನು ತೆರೆಯದಂತೆ ಮಾಡುವ ನಾಟ್‌ಪೆಟ್ಯಾ ಎಂಬ ವೈರಸ್ ಹರಡಿತು. ಇದು ರಷ್ಯಾ ಸೇನೆಯ ಕೆಲಸ ಎಂದು ಅಮೆರಿಕ, ಬ್ರಿಟನ್ ಮುಂದಿನ ವರ್ಷ ಹೇಳಿದವು. ಗುರಿ ಇದ್ದದ್ದು ಉಕ್ರೇನ್ ಮೇಲೆ. ನಿಂತುಹೋದದ್ದರಲ್ಲಿ ಮೇರ್ಸ್ಕ್ ಹಡಗು ಕಂಪನಿಯೂ ಇತ್ತು, ನವಿ ಮುಂಬೈಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ಇತ್ತು. ದುಡ್ಡು ಕೇಳಿದಂತೆ ಕಾಣುತ್ತಿತ್ತು, ಕೊಟ್ಟರೂ ಫೈಲ್ ವಾಪಸ್ ಬರುವ ದಾರಿ ಇರಲಿಲ್ಲ.

ಮೇರ್ಸ್ಕ್ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅವರ ನೆಟ್‌ವರ್ಕಿನ ಮುಖ್ಯ ದಾಖಲೆ ಉಳಿದದ್ದು ಘಾನಾದ ಒಂದೇ ಒಂದು ಸರ್ವರಿನಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಮಳೆಗಾಲದಲ್ಲಿ ಕರೆಂಟಿಗೆ ಬೈಯುವ ನಮಗೆ ಇದು ನಂಬಲು ಕಷ್ಟ, ಅಲ್ವಾ? ನನ್ನ ಮನಸ್ಸಿಗೆ ಹಿಡಿದದ್ದು ಅದೇ. ಸಂಪರ್ಕ ಇಲ್ಲದ ಪ್ರತಿ ಮಾತ್ರ ಉಳಿಯಿತು.

ನಮ್ಮ ಬ್ಯಾಕಪ್ ಡಿಸ್ಕ್ ಹಗಲಿರುಳು ಸರ್ವರಿಗೆ ಚುಚ್ಚಿಕೊಂಡೇ ಇರುತ್ತಿತ್ತು. ಸರ್ವರ್ ಹೋದರೆ ಅದೂ ಹೋಗುತ್ತದೆ. ಮೂರು ಡಿಸ್ಕ್ ತಂದು ಸರದಿ ಮಾಡಿದೆ. ಬ್ಯಾಕಪ್ ಮುಗಿದ ಕೂಡಲೇ ಕಳಚುವುದು, ಒಂದನ್ನು ಯಾವಾಗಲೂ ಆಫೀಸಿನ ಹೊರಗೆ ಇಡುವುದು. ಹಿರಿಯ ಗುಮಾಸ್ತರು ಕೇಳಿದರು, "ಎಂತ ಮಾರಾಯ್ರೇ, ಯುದ್ಧ ಅಲ್ಲಿ, ಇಲ್ಲಿ ಡಿಸ್ಕ್ ಕಳಚುವುದು ಯಾಕೆ?" ಜೆಎನ್‌ಪಿಟಿಯ ಕಥೆ ಹೇಳಿದೆ. ಆಮೇಲೆ ಅವರೇ ಸಂಜೆ ನೆನಪು ಮಾಡತೊಡಗಿದರು.

ನಮ್ಮ ಎಲ್ಲ ಕಂಪ್ಯೂಟರಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇತ್ತು. ನಾಟ್‌ಪೆಟ್ಯಾ ಒಂದು ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕದ್ದು ಪಕ್ಕದ್ದಕ್ಕೆ ಹೋಗುತ್ತಿತ್ತು. ಹಾಗಾಗಿ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಹಾಕಿದ ಕಂಪ್ಯೂಟರ್‌ಗಳೂ ಉಳಿಯಲಿಲ್ಲ. ಹದಿನಾಲ್ಕಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟೆ.

ಜಾಸ್ತಿ ಕಲಿತದ್ದು ಪರೀಕ್ಷೆ ಮಾಡಿದಾಗ. ಹಳೇ ಕಂಪ್ಯೂಟರಿಗೆ ಬ್ಯಾಕಪ್ ಹಾಕಿ ನೋಡಿದರೆ ಲೆಕ್ಕವೆಲ್ಲ ಬಂತು, ಶಿಪ್ಪಿಂಗ್ ಬಿಲ್‌ಗಳ ಸ್ಕ್ಯಾನ್ ಬರಲಿಲ್ಲ. ಯಾವಾಗಲೋ ಆ ಫೋಲ್ಡರನ್ನು ಬೇರೆ ಡ್ರೈವಿಗೆ ಸರಿಸಿದ್ದೆವು. ಎಷ್ಟೋ ತಿಂಗಳು ಸುಮ್ನೆ ನಂಬಿ ಕೂತಿದ್ದೆವು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

2015ರ ಡಿಸೆಂಬರಿನಲ್ಲಿ ಉಕ್ರೇನಿನ ವಿದ್ಯುತ್ ಜಾಲಕ್ಕೆ ದಾಳಿಯಾದಾಗ ಸಿಬ್ಬಂದಿ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿದ್ದರು. ನಾವೂ ಒಂದು ಶನಿವಾರ ಬೆಳಿಗ್ಗೆ ಸರ್ವರ್ ಆಫ್ ಮಾಡಿ ಕೆಲಸಕ್ಕೆ ಕೂತೆವು. ಅರ್ಧ ಗಂಟೆಯಲ್ಲೇ ಸಿಕ್ಕಿಬಿದ್ದೆವು. ಲಾರಿಯವರ ಫೋನ್ ನಂಬರ್ ಯಾರ ಹತ್ತಿರವೂ ಇರಲಿಲ್ಲ, ಎಲ್ಲ ಸರ್ವರಿನಲ್ಲೇ.

ಈಗ ಆ ನಂಬರ್‌ಗಳೆಲ್ಲ ಒಂದು ರಿಜಿಸ್ಟರಿನಲ್ಲಿವೆ, ಗುಮಾಸ್ತರ ಮೇಜಿನ ಮೇಲಿನ ಡ್ರಾಯರಿನಲ್ಲಿ. ಅದರ ಮೊದಲ ಪುಟದಲ್ಲಿ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ ವಿಳಾಸ ಬರೆದಿದ್ದೇವೆ. ದಾಳಿ ಗೊತ್ತಾದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕೆಂದು 2022ರಿಂದ ನಿಯಮವಿದೆ. ಆರು ತಿಂಗಳಿಗೊಮ್ಮೆ ಸರ್ವರ್ ಆಫ್ ಮಾಡುತ್ತೇವೆ. ಕಳೆದ ಸಲ ಮಧ್ಯಾಹ್ನದ ಊಟದವರೆಗೂ ಕೆಲಸ ನಿಲ್ಲಲಿಲ್ಲ.