ಅಂಕ ಬೀಜಗಣಿತಕ್ಕೆ, ಮಳೆಗಲ್ಲ: ಕೊಡಗಿನ ಪ್ರೌಢಶಾಲೆಯ ಗಣಿತ ತರಗತಿಗೊಂದು ನಿಯಮಪತ್ರ

ಶಾಲೆ ತೆರೆದ ಮೊದಲ ವಾರವೇ ಗಣಿತದ ಮೇಷ್ಟ್ರು ಮಾಡಿಕೊಳ್ಳಬೇಕಾದ ಕೆಲಸವೊಂದಿದೆ. ಅಂಕ ಯಾವುದಕ್ಕೆ, ಎಷ್ಟು, ಯಾವಾಗ ಕಳೆಯುತ್ತೇವೆ, ಕಳೆದದ್ದನ್ನು ಮತ್ತೆ ಗಳಿಸುವುದು ಹೇಗೆ ಎಂಬುದನ್ನು ಒಂದೇ ಪುಟದಲ್ಲಿ ಬರೆದು ಮಕ್ಕಳಿಗೂ ಮನೆಯವರಿಗೂ ತಿಳಿಸುವುದು. ಮಳೆ ಹಿಡಿದ ಮೇಲೆ ಇದಕ್ಕೆ ಬಿಡುವು ಸಿಗದು. ಬರೆಯದೆ ಬಿಟ್ಟ ನಿಯಮಗಳೆಲ್ಲ ಫೆಬ್ರುವರಿಯಲ್ಲಿ, ಅಂಕಗಳನ್ನು ಇಲಾಖೆಯ ಆನ್‌ಲೈನ್ ದಾಖಲೆಗೆ ಏರಿಸುವ ಹೊತ್ತಿಗೆ, ತಕರಾರಾಗಿ ಎದುರು ಬರುತ್ತವೆ.

ನಿಯಮಪತ್ರದ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಅಂಕ ಮಗುವಿನ ಬೀಜಗಣಿತವನ್ನು ಅಳೆಯುತ್ತದೆಯೋ, ಬೇರೇನನ್ನೋ? ಪುಸ್ತಕಕ್ಕೆ ಬೈಂಡು ಹಾಕಿಲ್ಲ, ಬಸ್ಸು ತಡವಾಯಿತು, ಚಾರ್ಟಿಗೆ ಬಣ್ಣವಿಲ್ಲ ಎಂದು ಕಳೆದ ಅಂಕ ಸಮೀಕರಣ ಬಿಡಿಸಲು ಬರುತ್ತದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಅಂಥವನ್ನು ಸರಿಪಡಿಸಲು ಬೇರೆ ದಾರಿಗಳಿವೆ. ಅಂಕಪಟ್ಟಿ ಅದರ ಜಾಗವಲ್ಲ.

ಲೆಕ್ಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ನಾವೆಲ್ಲ ಕರೆಯುವ ಎಫ್‌ಎ. ಒಂದೊಂದು 50 ಅಂಕದ್ದು: ಎರಡು ಚಟುವಟಿಕೆಗೆ 15ರಂತೆ 30, ಕಿರುಪರೀಕ್ಷೆಗೆ 20. ನಾಲ್ಕೂ ಸೇರಿ 200, ಅದನ್ನು ಹತ್ತರಿಂದ ಭಾಗಿಸಿದರೆ 20. ಈ ಭಾಗಾಕಾರವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಕಿರುಪರೀಕ್ಷೆಯಲ್ಲಿ ಕಳೆದುಕೊಂಡ 5 ಅಂಕ ಕೊನೆಯಲ್ಲಿ ಬರೀ ಅರ್ಧ ಅಂಕ ಎಂದು ಗೊತ್ತಾದರೆ ಅಳುವ ಮಗು ಅಳು ನಿಲ್ಲಿಸುತ್ತದೆ. ಎಲ್ಲ ಚಟುವಟಿಕೆಗೂ 15ಕ್ಕೆ 15 ಪಡೆದು ಬೀಗುವವನಿಗೂ 80 ಅಂಕ ಬೇರೆಡೆ ಇದೆ ಎಂದು ತಿಳಿಯುತ್ತದೆ.

ಹಾಜರಾತಿಗೆ ಪ್ರತ್ಯೇಕ ನಿಯಮವೇ ಇದೆ. ಪರೀಕ್ಷೆಗೆ ಕೂರಲು ಶೇ. 75 ಬೇಕು. ಹಾಗಿರುವಾಗ ಗಣಿತದ ಅಂಕದೊಳಗೆ ಹಾಜರಾತಿಯನ್ನು ಮತ್ತೊಮ್ಮೆ ಸೇರಿಸಿದರೆ ಒಂದೇ ತಪ್ಪಿಗೆ ಎರಡು ದಂಡ.

ಚಟುವಟಿಕೆಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಪ್ರಿಂಟು ತೆಗೆಸಿದ ಭಾಸ್ಕರಾಚಾರ್ಯರ ಚಿತ್ರವನ್ನು ಚಾರ್ಟಿಗೆ ಅಂಟಿಸಿ ತಂದರೆ ಅದರಲ್ಲಿ ಬೀಜಗಣಿತ ಎಲ್ಲಿದೆ? ಮಡಿಕೇರಿ ಪೇಟೆಯ ಮಗುವಿಗೆ ಅದು ಹತ್ತು ನಿಮಿಷದ ಕೆಲಸ, ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಮಗುವಿಗೆ ಅಪ್ಪನ ಅರ್ಧ ದಿನದ ಕೂಲಿ. ತರಗತಿಯಲ್ಲೇ, ಹಳೆ ಕಾಗದದಲ್ಲಿ ಮುಗಿಯುವ ಚಟುವಟಿಕೆ ಕೊಡಿ. ಹತ್ತನೆಯವರಿಗೆ ವರ್ಗ ಪೂರ್ಣಗೊಳಿಸುವ ವಿಧಾನ ಇದಕ್ಕೆ ಹೇಳಿಮಾಡಿಸಿದ್ದು. ಎಕ್ಸ್ ಬಾಹುವಿನ ಚೌಕವೊಂದು, ಅದರ ಎರಡು ಪಕ್ಕಕ್ಕೆ ಎಕ್ಸ್ ಉದ್ದ 3 ಅಗಲದ ಪಟ್ಟಿ ಎರಡು. ಇವು ಎಕ್ಸ್ ವರ್ಗ + 6 ಎಕ್ಸ್. ಜೋಡಿಸಿ ಇಟ್ಟರೆ ಮೂಲೆಯಲ್ಲಿ 3 × 3 ಜಾಗ ಖಾಲಿ ಉಳಿಯುತ್ತದೆ. ಆ 9 ಎಲ್ಲಿಂದ ಬಂತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. 15 ಅಂಕ ಹೀಗೆ ಹಂಚಿ: ಅಳತೆಗೆ ಕತ್ತರಿಸಿದ್ದಕ್ಕೆ 3, ಪ್ರತಿ ತುಂಡಿನ ವಿಸ್ತೀರ್ಣ ಬರೆದದ್ದಕ್ಕೆ 4, ಖಾಲಿ ಮೂಲೆಯನ್ನು ಬಾಯಲ್ಲಿ ವಿವರಿಸಿದ್ದಕ್ಕೆ 4, ಅದನ್ನೇ ಸಮೀಕರಣವಾಗಿ ಬರೆದದ್ದಕ್ಕೆ 4.

ಹಂತಕ್ಕೆ ಅಂಕ

ನಿಯಮಪತ್ರದ ಜೀವ ಇಲ್ಲಿದೆ. ಪರೀಕ್ಷಾ ಮಂಡಳಿಯ ಮೌಲ್ಯಮಾಪನದಲ್ಲೂ ಗಣಿತದ ಉತ್ತರಕ್ಕೆ ಅರ್ಧರ್ಧ ಅಂಕವಾಗಿ ಹಂತದ ಲೆಕ್ಕ ಹಾಕುತ್ತಾರೆ. ಬೇರೆ ವಿಧಾನದಲ್ಲಿ ಸರಿಯಾಗಿ ಬಿಡಿಸಿದರೂ ಪೂರ್ತಿ ಅಂಕವುಂಟು. ತರಗತಿಯ ಪರೀಕ್ಷೆಯಲ್ಲಿ ಬರೀ ಕೊನೆಯ ಉತ್ತರ ನೋಡಿ ಸರಿ-ತಪ್ಪು ಹಾಕುವವರು ಮಕ್ಕಳನ್ನು ಬೇರೆಯದೇ ಪರೀಕ್ಷೆಗೆ ತಯಾರು ಮಾಡುತ್ತಿದ್ದಾರೆ.

ಒಂದು 3 ಅಂಕದ ಲೆಕ್ಕ ತೆಗೆದುಕೊಳ್ಳೋಣ. ರೊಬಸ್ಟಾ ಚೆರಿಯ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ) 50 ಕೆಜಿ ಚೀಲಕ್ಕೆ ಔಟ್ ಟರ್ನ್ 26 ಅಂದರೆ ಸಿಪ್ಪೆ ಹೋಗಿ 26 ಕೆಜಿ ಕಾಫಿ ಬೀಜ ಸಿಗುತ್ತದೆ ಎಂಬುದು ಇಲ್ಲಿನ ಮಕ್ಕಳಿಗೆ ಪಠ್ಯಪುಸ್ತಕಕ್ಕಿಂತ ಮೊದಲೇ ಗೊತ್ತು. ಪ್ರಶ್ನೆ ಹೀಗಿರಲಿ: ಬೆಳೆಗಾರರೊಬ್ಬರ ಬಳಿ 40 ಚೀಲ ಚೆರಿ ಇದೆ. ಕೆಲವಕ್ಕೆ ಔಟ್ ಟರ್ನ್ 25, ಉಳಿದವಕ್ಕೆ 27. ಒಟ್ಟು 1036 ಕೆಜಿ ಬೀಜ ಬಂದರೆ ಯಾವುದು ಎಷ್ಟು ಚೀಲ?

ಔಟ್ ಟರ್ನ್ 25ರ ಚೀಲಗಳು ಎಕ್ಸ್, 27ರವು ವೈ ಎಂದು ಬರೆದದ್ದಕ್ಕೆ ½. ಎಕ್ಸ್ + ವೈ = 40ಕ್ಕೆ ½. 25 ಎಕ್ಸ್ + 27 ವೈ = 1036ಕ್ಕೆ ½. ಮೊದಲನೆಯದನ್ನು 25ರಿಂದ ಗುಣಿಸಿ, ಕಳೆದು, 2 ವೈ = 36 ಎಂದು ತಂದದ್ದಕ್ಕೆ ½. ವೈ = 18, ಎಕ್ಸ್ = 22 ಎರಡಕ್ಕೂ ಸೇರಿ ½. "25ರ ಔಟ್ ಟರ್ನಿನವು 22 ಚೀಲ, 27ರವು 18 ಚೀಲ" ಎಂಬ ವಾಕ್ಯಕ್ಕೆ ½.

ಈಗ ಒಬ್ಬಳು ಕಳೆಯುವಾಗ ಚಿಹ್ನೆ ಬದಲಿಸಲು ಮರೆತು ಎಡಗಡೆ 27ಕ್ಕೆ 25 ಕೂಡಿಸಿ 52 ವೈ = 36 ಎಂದು ಬರೆದಳು. ಹೀಗೆ ಒಂದು ಚರಾಕ್ಷರವನ್ನು ತೆಗೆದುಹಾಕುವ, ಅಂದರೆ ವರ್ಜಿಸುವ ವಿಧಾನದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಅಲ್ಲಿಂದ ಮುಂದೆ ವೈ = 9/13, ಎಕ್ಸ್ = 511/13 ಎಂದು ಕ್ರಮವಾಗಿಯೇ ಬಿಡಿಸಿದ್ದಾಳೆ. ತಪ್ಪಿದ ಹಂತದ ½ ಹೋಗಲಿ. ಮುಂದಿನ ಹಂತ ಅವಳ ಸಮೀಕರಣಕ್ಕೆ ಸರಿಯಾಗಿದೆ, ಆ ½ ಕೊಡಬೇಕು. ಒಂದು ತಪ್ಪಿಗೆ ಒಮ್ಮೆ ಮಾತ್ರ ಕಳೆಯುವುದು ಎಂಬ ನಿಯಮವನ್ನು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಕೊನೆಯ ವಾಕ್ಯದ ½ ಮಾತ್ರ ಸಿಗದು, ಚೀಲ ತುಂಡಾಗಿ ಬರುವುದಿಲ್ಲವಲ್ಲ. ಆದರೆ "ಚೀಲ ಭಿನ್ನರಾಶಿಯಲ್ಲಿ ಬಂದಿದೆ, ಎಲ್ಲೋ ತಪ್ಪಿದೆ" ಎಂದು ಅವಳೇ ಕೆಳಗೆ ಬರೆದಿದ್ದರೆ ಆ ಅರ್ಧವನ್ನೂ ಕೊಡಿ. ಮಂಡಳಿಯ ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ ಎಂದೂ ಹೇಳಿಬಿಡಿ. ತರಗತಿಯಲ್ಲಿ ಕೊಡುವುದು ಉತ್ತರವನ್ನು ತಿರುಗಿ ನೋಡುವ ಅಭ್ಯಾಸ ಬೆಳೆಯಲೆಂದು.

ಇದಕ್ಕೊಂದು ಮಿತಿಯೂ ಬೇಕು. ತಪ್ಪಿನಿಂದ ಲೆಕ್ಕವೇ ಸಲೀಸಾಗಿಬಿಟ್ಟರೆ, ಉದಾಹರಣೆಗೆ ವರ್ಗಸಮೀಕರಣದಲ್ಲಿ ವರ್ಗದ ಪದ ಬಿಟ್ಟುಹೋಗಿ ಬರೀ ರೇಖಾತ್ಮಕ ಸಮೀಕರಣ ಉಳಿದರೆ, ಮುಂದಿನ ಹಂತಗಳಿಗೆ ಅಂಕವಿಲ್ಲ. ಅಪವರ್ತಿಸಲು ಬರುತ್ತದೆಯೇ ಎಂದು ನೋಡುವ ಅವಕಾಶವೇ ಅಲ್ಲಿ ಉಳಿದಿಲ್ಲ.

ಹಂತ ಬರೆಯದೆ ನೇರ ಉತ್ತರ ಬರೆದವನಿಗೆ ಏನು ಮಾಡುವುದು? 1 ಅಂಕದ ಪ್ರಶ್ನೆಯಾದರೆ ಪೂರ್ತಿ ಕೊಡಿ. 2 ಅಥವಾ ಅದಕ್ಕಿಂತ ಹೆಚ್ಚಿನದಾದರೆ ಉತ್ತರದ ½ ಮಾತ್ರ. ಮನಸ್ಸಿನಲ್ಲೇ ಬಿಡಿಸಬಲ್ಲ ಜಾಣ ಮಕ್ಕಳೇ ಇಲ್ಲಿ ಮುನಿಸಿಕೊಳ್ಳುತ್ತಾರೆ. ಅವರಿಗೆ ಮೊದಲ ವಾರವೇ ತಿಳಿದಿರಬೇಕಾದ ನಿಯಮವಿದು.

ನಕ್ಷೆಯ ಮೂಲಕ ಬಿಡಿಸುವ 4 ಅಂಕದ ಲೆಕ್ಕಕ್ಕೆ ಎರಡು ಕೋಷ್ಟಕಕ್ಕೆ 2, ಎರಡು ಸರಳರೇಖೆಗೆ 1, ಛೇದಿಸುವ ಬಿಂದುವನ್ನು ಗುರುತಿಸಿ ಬೆಲೆ ಬರೆದದ್ದಕ್ಕೆ 1 ಎಂದಿಟ್ಟರೆ ಸಾಕು. ನಕ್ಷೆಯ ಹಾಳೆಗಳು ಶಾಲೆಯ ಬೀರುವಿನಲ್ಲಿರಲಿ. ಜುಲೈ ತಿಂಗಳಲ್ಲಿ ಬ್ಯಾಗಿನೊಳಗೆ ತೇವ ಹಿಡಿದ ಹಾಳೆಯ ಮೇಲೆ ಮೊನಚು ಪೆನ್ಸಿಲು ಗೆರೆ ಎಳೆಯುವುದಿಲ್ಲ, ಹರಿಯುತ್ತದೆ.

ಯಾವ ತಪ್ಪು, ಯಾಕೆ

ಅಂಕ ಕಳೆದರೆ ಸಾಲದು, ಪಕ್ಕದಲ್ಲಿ ತಪ್ಪಿನ ಜಾತಿಯನ್ನೂ ಗುರುತಿಸಬೇಕು. ಒಂದೊಂದಕ್ಕೆ ಒಂದಕ್ಷರ ಇಟ್ಟುಕೊಂಡರೆ ನಲವತ್ತು ಉತ್ತರಪತ್ರಿಕೆ ನೋಡುವಾಗ ಕೈ ಸೋಲುವುದಿಲ್ಲ: ಚಿಹ್ನೆಗೆ "ಚಿ", ಪಕ್ಷಾಂತರಕ್ಕೆ (ಸಮ ಚಿಹ್ನೆಯ ಆಚೆ ಕಳಿಸುವುದಕ್ಕೆ) "ಪ", ಕೂಡು-ಗುಣಿಸು-ಭಾಗಿಸು ಲೆಕ್ಕಕ್ಕೆ "ಲೆ", ಪ್ರಶ್ನೆ ಅರ್ಥವಾಗದ್ದಕ್ಕೆ "ಅ".

"ಪ" ತಪ್ಪು ಎಂಟನೇ ತರಗತಿಯಿಂದಲೇ ಬಂದಿರುತ್ತದೆ. "ಆಚೆ ಹೋದರೆ ಚಿಹ್ನೆ ಬದಲು" ಎಂದು ಬಾಯಿಪಾಠ ಮಾಡಿದ ಮಗು 3 ಎಕ್ಸ್ = 15 ಕಂಡಾಗ 3ನ್ನೂ ಆಚೆ ಕಳಿಸಿ 15 − 3 = 12 ಎನ್ನುತ್ತದೆ. ಎರಡು ಪಕ್ಕಕ್ಕೂ ಒಂದೇ ಕ್ರಿಯೆ ಮಾಡುತ್ತೇವೆ ಎಂಬುದು ತಿಳಿಯುವ ಮೊದಲೇ ಅಡ್ಡದಾರಿ ಕಲಿಸಿದ್ದರ ಫಲ. ಮೊದಲ ಎರಡು ತಿಂಗಳು "ಎರಡೂ ಬದಿ 3ರಿಂದ ಭಾಗಿಸಿದಾಗ" ಎಂಬ ಸಾಲನ್ನು ಬರೆಯಿಸಿ, ಅದಕ್ಕೂ ಅರ್ಧ ಅಂಕವಿಡಿ. 3 ಎಕ್ಸ್ = 15 = 5 ಎಂದು ಸಮ ಚಿಹ್ನೆಗಳನ್ನು ಸರಪಳಿಯಾಗಿ ಪೋಣಿಸುವವರಿಗೆ ಪ್ರತಿ ಹಂತವನ್ನೂ ಹೊಸ ಸಾಲಿನಲ್ಲಿ ಬರೆಸಿದರೆ ವಾರದಲ್ಲಿ ಸರಿಹೋಗುತ್ತದೆ. (ಎ + ಬಿ)ಯ ವರ್ಗವನ್ನು ಎ ವರ್ಗ + ಬಿ ವರ್ಗ ಎಂದು ಬರೆಯುವವರಿಗೆ ಮಾತ್ರ ಬೈದು ಪ್ರಯೋಜನವಿಲ್ಲ. 2 ಮತ್ತು 3 ಹಾಕಿ ನೋಡಲು ಹೇಳಿ. 25 ಎಲ್ಲಿ, 13 ಎಲ್ಲಿ!

"ಅ" ಹೆಚ್ಚಿದ್ದರೆ ದೋಷ ಗಣಿತದ್ದಲ್ಲ, ಭಾಷೆಯದ್ದಿರಬಹುದು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡುವ ಮಕ್ಕಳಿರುತ್ತಾರೆ. ತೋಟಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಇರುತ್ತಾರೆ. ಚರಾಕ್ಷರ, ಸಹಗುಣಕ, ಸ್ಥಿರಾಂಕ, ಶೋಧಕ, ಬಹುಪದೋಕ್ತಿ ಇವರಿಗೆಲ್ಲ ಸಮಾನವಾಗಿ ಪರಭಾಷೆ. "ಎರಡರಷ್ಟು", "ಎರಡು ಹೆಚ್ಚು", "ಎರಡು ಕಡಿಮೆ" ಎಂಬ ಮಾತುಗಳನ್ನು ಸಮೀಕರಣಕ್ಕೆ ತರುವುದನ್ನೇ ಒಂದು ಪೀರಿಯಡ್ ಮಾಡಿಸಿ. ಎಫ್‌ಎ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಒಮ್ಮೆ ಗಟ್ಟಿಯಾಗಿ ಓದಿಹೇಳುವುದು ಮೋಸವಲ್ಲ.

ಮಳೆ, ಕುಯ್ಲು, ಆನೆ

ಎಫ್‌ಎ 1 ಮಳೆಗಾಲದ ನಡುವೆ ಬೀಳುತ್ತದೆ, ಕೊನೆಯ ಎರಡು ಕಾಫಿ ಕುಯ್ಲಿನ ನಡುವೆ. ಆದ್ದರಿಂದ ಗಡುವನ್ನು ತಾರೀಖಿನಲ್ಲಿ ಬರೆಯಬೇಡಿ. "ಕೊಟ್ಟ ದಿನದಿಂದ ಮೂರನೇ ಗಣಿತ ಪೀರಿಯಡ್‌ಗೆ" ಎಂದು ಬರೆಯಿರಿ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಗಡುವು ತಾನಾಗಿ ಮುಂದೆ ಹೋಗುತ್ತದೆ, ಯಾರೂ ವಿನಾಯಿತಿ ಕೇಳಬೇಕಾಗಿಲ್ಲ. ರಜೆಯ ಮಾರನೇ ದಿನ ಪರೀಕ್ಷೆ ಇಡಬಾರದು, ಒಂದು ಪೀರಿಯಡ್ ಪುನರಾವರ್ತನೆಯಾಗಲಿ. ಮನೆಗೆಲಸವನ್ನು ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಹಾಕುವುದೂ ಬೇಡ. ಕರೆಂಟಿಲ್ಲದ ನಾಲ್ಕು ದಿನ ಮೊಬೈಲ್ ಬರೀ ಪೆಟ್ಟಿಗೆ. ತೋಟದ ದಾರಿಯಲ್ಲಿ ಆನೆ ನಿಂತಿತ್ತು ಎಂಬುದು ತಡವಾಗಿ ಬಂದದ್ದಕ್ಕೆ ಸರಿಯಾದ ಕಾರಣವೇ. ಕಿರುಪರೀಕ್ಷೆಯನ್ನು ಮೊದಲ ಪೀರಿಯಡ್‌ಗೆ ಇಡದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಗೈರಾದವರಿಗೆ ಸೊನ್ನೆ ಹಾಕುವ ರೂಢಿ ಬಿಡಬೇಕು. 20 ಅಂಕದ ನಾಲ್ಕು ಪರೀಕ್ಷೆಯಲ್ಲಿ 16, 15, 17 ಪಡೆದು ಒಂದಕ್ಕೆ ಬರದ ಮಗುವಿನ ಸರಾಸರಿ ಬರೆದಷ್ಟರಲ್ಲಿ 16, ಅಂದರೆ ಶೇ. 80. ಸೊನ್ನೆ ಸೇರಿಸಿದರೆ 12, ಶೇ. 60. ಆ ಇಪ್ಪತ್ತು ಶೇಕಡಾ ಯಾವ ಸಮೀಕರಣ ಬರದಿದ್ದಕ್ಕೆ ಹೋಯಿತು? ಅಂಕಪಟ್ಟಿಯ ಆ ಮನೆಯನ್ನು ಖಾಲಿ ಬಿಡಿ. ಬಂದ ಮೇಲೆ ಆರು ಶಾಲಾ ದಿನಗಳೊಳಗೆ ಅದೇ ಮಾದರಿಯ, ಸಂಖ್ಯೆ ಬದಲಿಸಿದ ಪ್ರಶ್ನೆಪತ್ರಿಕೆ ಕೊಡಿ. ಕರೆದರೂ ಎರಡು ಸಲ ತಪ್ಪಿಸಿಕೊಂಡವರ ಮನೆಯವರನ್ನು ಕರೆಸಿ ಮಾತಾಡಿದ ಮೇಲಷ್ಟೇ ಸೊನ್ನೆ. ಕುಯ್ಲಿನ ತಿಂಗಳಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಉಳಿಯುವ ಹೆಣ್ಣುಮಕ್ಕಳು ಬಹಳ ಸಲ ಹೀಗೇ ಜಾರಿಹೋಗುತ್ತಾರೆ.

ಮನೆಗೆಲಸ ಮತ್ತು ತಿದ್ದುಪಡಿ

ಮನೆಗೆಲಸಕ್ಕೆ ಅಂಕ ಇಟ್ಟರೆ ಗೈಡಿಗೆ ಅಂಕ ಕೊಟ್ಟಂತೆ. ವಾರಕ್ಕೆ ಹತ್ತು ಲೆಕ್ಕ ಸಾಕು, ನಾಲ್ಕು ಹೊಸತು, ಆರು ಹಳೆಯದು. ಮಾರನೇ ದಿನ ಅದರಲ್ಲೊಂದನ್ನು ಸಂಖ್ಯೆ ಬದಲಿಸಿ, ಪುಸ್ತಕ ಮುಚ್ಚಿಸಿ, ಐದು ನಿಮಿಷದಲ್ಲಿ ಮಾಡಿಸಿ. ಯಾರು ಮಾಡಿದ್ದಾರೆ, ಯಾರು ನಕಲು ಮಾಡಿದ್ದಾರೆ ಎಂದು ಅಷ್ಟರಲ್ಲೇ ತಿಳಿಯುತ್ತದೆ.

ಕಿರುಪರೀಕ್ಷೆಯ ಪತ್ರಿಕೆ ವಾಪಸು ಕೊಟ್ಟಾಗ ತಿದ್ದುಪಡಿಗೆ ಅವಕಾಶವಿರಲಿ. ತಪ್ಪಾದ ಲೆಕ್ಕವನ್ನು ಮತ್ತೆ ಬಿಡಿಸಿ, ಎಲ್ಲಿ ತಪ್ಪಿತ್ತು ಎಂದು ಒಂದು ವಾಕ್ಯ ಬರೆದು, ಅದೇ ಮಾದರಿಯ ಇನ್ನೊಂದನ್ನು ಮೇಷ್ಟ್ರ ಎದುರಿಗೆ ಬಿಡಿಸಿದರೆ ಕಳೆದ ಅಂಕದ ಅರ್ಧ ವಾಪಸು. 20ಕ್ಕೆ 9 ಬಂದವನು 11 ಕಳೆದುಕೊಂಡಿದ್ದಾನೆ. ಎಲ್ಲವನ್ನೂ ತಿದ್ದಿದರೆ 5½ ಸೇರಿ 14½. ಪೂರ್ತಿ ವಾಪಸು ಕೊಟ್ಟರೆ ಮೊದಲ ಸಲಕ್ಕೆ ಓದುವವರೇ ಇರುವುದಿಲ್ಲ. ಏನೂ ಕೊಡದಿದ್ದರೆ ಪತ್ರಿಕೆ ಮಡಚಿ ಬ್ಯಾಗಿನ ತಳ ಸೇರುತ್ತದೆ. ಎದುರಿಗೆ ಬಿಡಿಸುವ ಷರತ್ತನ್ನು ಮಾತ್ರ ಸಡಿಲಿಸಬೇಡಿ, ಇಲ್ಲವಾದರೆ ಅಕ್ಕನ ಅಕ್ಷರದಲ್ಲಿ ತಿದ್ದುಪಡಿ ಬರುತ್ತದೆ.

ನಿಯಮಪತ್ರವನ್ನು ಪಾಲಕರ ಸಭೆಯಲ್ಲಿ ಓದಿ ಹೇಳಿ, ಆಮೇಲೆ ಸಹಿ ಪಡೆಯಿರಿ. ಓದಲು ಬಾರದವರು ಸಹಿ ಹಾಕಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದಲ್ಲ. ಸ್ಯಾಟ್ಸ್‌ನಲ್ಲಿ (ಮಕ್ಕಳ ಅಂಕ ದಾಖಲಿಸುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ) ಅಂಕ ಏರಿಸುವ ಎರಡು ದಿನ ಮೊದಲು ಪ್ರತಿ ಮಗುವಿಗೂ ಅದರ ಅಂಕಗಳನ್ನಷ್ಟೇ ಚೀಟಿಯಲ್ಲಿ ಬರೆದುಕೊಡಿ, ಕೂಡಿಸಿ ಹತ್ತರಿಂದ ಭಾಗಿಸಲು ಹೇಳಿ. ಮೇಷ್ಟ್ರು ಕೂಡಿಸುವಾಗ ಮಾಡಿದ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಹಿಡಿದುಕೊಟ್ಟ ಮಗುವಿಗೆ ಅಂಕವೇನೂ ಬೇಡ, ಒಂದು ಹೊಸ ಪೆನ್ಸಿಲು ಸಾಕು.