ಹೊಸ ಗಾಲ್ಫ್ ಡ್ರೈವರ್ ನಿಜಕ್ಕೂ ದೂರ ಹೊಡೆಯುತ್ತಾ? ಅಳೆದು ನೋಡಿದೆ

ಮೊದಲ ದಿನ ನಾನು ಮಾಡಿದ್ದು ದಡ್ಡ ಕೆಲಸ. ರೇಂಜ್‌ಗೆ (ಗಾಲ್ಫ್ ಅಭ್ಯಾಸದ ಮೈದಾನ) ಹೋದವನೇ ಹಳೆ ಡ್ರೈವರ್‌ನಲ್ಲಿ, ಅಂದರೆ ಅತಿ ದೂರ ಹೊಡೆಯುವ ಗಾಲ್ಫ್ ಕೋಲಿನಲ್ಲಿ, 15 ಚೆಂಡು ಹೊಡೆದೆ, ಆಮೇಲೆ ಹೊಸದರಲ್ಲಿ 15. ಚೆಂಡಿನ ಹಾರಾಟ ಅಳೆಯುವ ಲಾಂಚ್ ಮಾನಿಟರ್ ನೋಡಿದರೆ ಹೊಸದು ಸರಾಸರಿ 14 ಯಾರ್ಡ್ ಮುಂದೆ. ಖುಷಿಯೋ ಖುಷಿ. ಮನೆಗೆ ಬಂದ ಮೇಲೆ ಹೊಳೆಯಿತು, ಹಳೆಯದನ್ನು ಹಿಡಿದಾಗ ನನ್ನ ಮೈ ಇನ್ನೂ ಬಿಸಿಯೇ ಆಗಿರಲಿಲ್ಲ!

ಎರಡು ದಿನ ಬಿಟ್ಟು ಮತ್ತೆ ಹೋದೆ. ಮೊದಲು ಚಿಕ್ಕ ಕ್ಲಬ್‌ಗಳಲ್ಲಿ ಕಾಲು ಗಂಟೆ ಮೈ ಸಡಿಲ ಮಾಡಿಕೊಂಡೆ. ಸವೆದ ರೇಂಜ್ ಚೆಂಡುಗಳು ಒಂದೊಂದೂ ಒಂದೊಂದು ಥರ ಹಾರುತ್ತವೆ, ಹಾಗಾಗಿ ನಾನು ಆಡುವ ಚೆಂಡನ್ನೇ ಬಳಸಿದೆ. ಎರಡರ ಲಾಫ್ಟೂ (ಹೊಡೆಯುವ ಮುಖದ ಓರೆ) 10.5 ಡಿಗ್ರಿ, ಚೆಂಡು ಇಡುವ ಟೀ ಎತ್ತರವೂ ಒಂದೇ. ಶಾಫ್ಟ್ (ಕೋಲಿನ ದಂಡ) ಮಾತ್ರ ಬೇರೆ ಬೇರೆ, ಅದಕ್ಕೆ ನನ್ನ ಹತ್ತಿರ ಉಪಾಯವಿರಲಿಲ್ಲ. ಐದು ಹಳೆಯದು, ಐದು ಹೊಸದು, ಹೀಗೆ ಅದಲುಬದಲು ಮಾಡುತ್ತಾ ಒಂದೊಂದರಲ್ಲೂ 20 ಹೊಡೆದೆ. ಚೆಂಡು ಎಲ್ಲಿ ತಾಗಿತು ಅಂತ ಗೊತ್ತಾಗಲು ಎರಡರ ಫೇಸ್‌ಗೂ, ಅಂದರೆ ಚೆಂಡು ಹೊಡೆಯುವ ಮುಖಕ್ಕೂ, ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ಹೊಡೆದಿದ್ದೆ. ಕೆಟ್ಟ ಹೊಡೆತಗಳನ್ನು ಅಳಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಅಳಿಸಲಿಲ್ಲ.

ನಟ್ಟನಡುವೆ ತಾಗಿದಾಗ ಎರಡಕ್ಕೂ ಇದ್ದ ವ್ಯತ್ಯಾಸ ಬರೀ 2 ಯಾರ್ಡ್. ಫೇಸ್ ಎಷ್ಟು ಚಿಮ್ಮಿಸಬಹುದು ಅನ್ನುವುದಕ್ಕೆ ನಿಯಮವೇ ಮಿತಿ ಹಾಕಿದೆ, ಡ್ರೈವರ್ ತಲೆಯ ಗಾತ್ರವೂ 460 ಸಿಸಿ ಆಸುಪಾಸಿಗಿಂತ ಮೇಲೆ ಹೋಗುವಂತಿಲ್ಲ. ಹೊಸದು ಗೆದ್ದಿದ್ದು ಚೆಂಡು ಹೀಲ್ ಕಡೆ, ಅಂದರೆ ಶಾಫ್ಟ್‌ಗೆ ಹತ್ತಿರದ ಬದಿಗೆ, ತಾಗಿದಾಗ. ಅದು ನನ್ನ ಹಳೇ ಚಾಳಿ. ಹಳೆಯ ಡ್ರೈವರ್‌ನಲ್ಲಿ ಅಂಥ ಚೆಂಡು ಬಲಕ್ಕೆ ಬಾಗಿ 20 ಯಾರ್ಡ್ ಕಳೆದುಕೊಳ್ಳುತ್ತಿತ್ತು, ಹೊಸದರಲ್ಲಿ 11. ತೂಕವನ್ನು ತಲೆಯ ಅಂಚುಗಳಿಗೆ ಹಂಚಿರುವುದರಿಂದ ಏಟು ಪಕ್ಕಕ್ಕೆ ಬಿದ್ದರೂ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ.

ಒಂದು ತಕರಾರು ಉಳಿದಿತ್ತು. ಹೊಸದರಲ್ಲಿ ಸ್ಪಿನ್ (ಚೆಂಡು ಹಿಮ್ಮುಖವಾಗಿ ತಿರುಗುವ ವೇಗ) ನಿಮಿಷಕ್ಕೆ 3100 ಸುತ್ತಿನ ಆಸುಪಾಸು. ಚೆಂಡು ಮೇಲಕ್ಕೆದ್ದು ಅಲ್ಲೇ ನಿಂತಂತಾಗಿ ಇಳಿಯುತ್ತಿತ್ತು. ತಲೆಗೆ ಶಾಫ್ಟ್ ಸೇರುವ ಕಡೆ ಇರುವ ಸ್ಲೀವ್ ತಿರುಗಿಸಿ ಲಾಫ್ಟ್ ಒಂದು ಡಿಗ್ರಿ ಇಳಿಸಿದೆ. ಸ್ಪಿನ್ ಕಡಿಮೆಯಾಯಿತು, ಆದರೆ ಲಾಫ್ಟ್ ಇಳಿಸಿದರೆ ಫೇಸ್ ಸ್ವಲ್ಪ ತೆರೆದುಕೊಳ್ಳುತ್ತದಲ್ಲ, ಚೆಂಡೆಲ್ಲ ಬಲಕ್ಕೆ! ಮತ್ತೆ ಮೊದಲಿನಂತೆ ಮಾಡಿ, ಸುಮ್ನೆ ಪೌಡರ್ ಗುರುತುಗಳನ್ನು ನೋಡುತ್ತಾ ಕೂತೆ. ಬಹುತೇಕ ಎಲ್ಲವೂ ಫೇಸ್‌ನ ಕೆಳಭಾಗದಲ್ಲಿದ್ದವು. ಅಲ್ಲಿ ತಾಗಿದರೆ ಸ್ಪಿನ್ ಏರುವುದು ಸಹಜ. ಟೀ ಅರ್ಧ ಬೆರಳಷ್ಟು ಎತ್ತರಿಸಿದೆ, ಸ್ಪಿನ್ 2600ಕ್ಕೆ ಇಳಿಯಿತು. ಕ್ಯಾರಿ (ನೆಲ ಮುಟ್ಟುವವರೆಗೆ ಹಾರಿದ ದೂರ) 7 ಯಾರ್ಡ್ ಜಾಸ್ತಿ.

ಅದೇ ಎತ್ತರದ ಟೀ ಇಟ್ಟು ಹಳೆಯದರಲ್ಲೂ ಹೊಡೆದು ನೋಡಿದೆ. ಅದೂ 6 ಯಾರ್ಡ್ ಮುಂದೆ ಹೋಯಿತು. ಆದರೂ ಹೊಸದನ್ನೇ ಬ್ಯಾಗ್‌ಗೆ ಹಾಕಿಕೊಂಡಿದ್ದೇನೆ, ನನ್ನ ಹೀಲ್ ಹೊಡೆತ ಇನ್ನೂ ಹೋಗಿಲ್ಲ.